ಮೂರನೆಯ ಚೀಲ

ರಾಯದುರ್ಗ
೯ ಫೆಬ್ರವರಿ ೨೦೨೫

ಪ್ರೀತಿಯ ಹರಿತಾ,

ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಮತ್ತೆ ಈ ಕಾಗದ ಯಾಕಮ್ಮ ಎಂದು ನಗಬೇಡ. ಸಂಕ್ರಾಂತಿಗೆ ಮೊದಲೇ ಬರೆಯಬೇಕೆಂದಿದ್ದೆ, ತಡವಾಯಿತು. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ರಜೆ ಅರ್ಜಿಯ ಹಾಗೆ ಕಂಡಿತು, ಹರಿದೆ. ಇದು ಕಾನ್ವೆಂಟಿನಲ್ಲಿ ಓದಿದವಳ ಕನ್ನಡ. ತಪ್ಪಿದ್ದರೆ ತಿದ್ದಿಕೋ.

ಮೊದಲು ಸುದ್ದಿ. ನಮ್ಮ ಮಾಳಿಗೆಯ ಮೇಲೆ ಆಲೂಗಡ್ಡೆ ಬೆಳೆದಿದೆ! ದೀಪಾವಳಿ ಕಳೆದ ಮೇಲೆ ಮೂರು ಅಕ್ಕಿ ಚೀಲಗಳ ತಳಕ್ಕೆ ತೂತು ಮಾಡಿ, ಮಣ್ಣು ಗೊಬ್ಬರ ಅರ್ಧ ತುಂಬಿ, ಒಂದೊಂದರಲ್ಲಿ ಒಂದೊಂದು ಮೊಳಕೆ ಬಂದ ಗಡ್ಡೆ ಊರಿದೆ. ಗಿಡ ಎದ್ದಂತೆಲ್ಲ ಕಾಂಡದ ಸುತ್ತ ಮಣ್ಣು ಏರಿಸಬೇಕು. ಬಿಸಿಲು ಕಂಡ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ. ಅದಕ್ಕೆಂದೇ ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಚಿನ್ನಕ್ಕ, ಉಳಿದ ತುಂಡುಗಳನ್ನು ಸೇರಿಸಿ ಚೀಲಗಳಿಗೆ ಹೊದಿಕೆ ಹೊಲಿದುಕೊಟ್ಟಳು. "ನಿಮ್ ಗಿಡಕ್ಕ ಪ್ಯಾಂಟ್ ಹಾಕಿದ್ದಾತು, ಇನ್ನ ಬೆಲ್ಟ್ ಒಂದು ಬಾಕಿ ನೋಡ್ರಿ" ಎಂದು ನಕ್ಕಳು.

ನಿನ್ನೆ ಎರಡು ಚೀಲ ಸುರಿದೆವು. ಅರ್ಧ ಮೊರ ಗಡ್ಡೆ, ಒಂದೂ ಹಸಿರಾಗಿಲ್ಲ. ಮುಂದಿನ ಚಳಿಗಾಲಕ್ಕೆ ಹತ್ತು ಚೀಲ ಇಡುತ್ತೇನೆ, ನೋಡುತ್ತಿರು.

ಮೂರನೆಯದೇನಾಯಿತು ಎನ್ನುತ್ತೀಯ. ಡಿಸೆಂಬರಿನಲ್ಲೇ ನನಗೆ ತಡೆಯಲಾಗಲಿಲ್ಲ. ಶೇಂಗಾ ಹೊಲದಲ್ಲಿ ಕಾಯಿ ಕಟ್ಟಿದೆಯೋ ಇಲ್ಲವೋ ಎಂದು ನಮ್ಮವರು ಒಂದು ಗಿಡ ಕಿತ್ತು ನೋಡುತ್ತಾರಲ್ಲ, ಹಾಗೆ ಕಿತ್ತುಬಿಟ್ಟೆ. ಬಟಾಣಿ ಗಾತ್ರದ ನಾಲ್ಕು ಗಡ್ಡೆ ಇದ್ದವು. ಮತ್ತೆ ಊರಿದೆ, ಬಾಡಿತು. ಅಜ್ಜಿ ನೋಡಿಬಿಟ್ಟರು.

"ಹೊಲದಾಗ ಸಾವಿರ ಗಿಡ ಇರ್ತಾವ, ಒಂದು ಕಿತ್ರ ನಡೀತದ. ನಿನಗ ಇರಾವು ಮೂರು. ಯಾಕ ಇಷ್ಟು ಆತ್ರ?"

ಅಷ್ಟೇ. ಆದರೆ ಸಂಜೆ ಚಿನ್ನಕ್ಕ ಬಂದು "ಇದನ್ಯಾರು ಕಿತ್ತಾರ್ರಿ?" ಎಂದಾಗ ಅಜ್ಜಿ ತಡವರಿಸದೆ "ಕೋತಿ ಬಂದಿತ್ತವ್ವ" ಎಂದರು. ಚಿನ್ನಕ್ಕ ಕೋತಿಯ ವಂಶವನ್ನೆಲ್ಲ ಬೈದಳು. ನಾನೂ ತಲೆಯಾಡಿಸಿದೆ. ಯಾಕೆ ಆಡಿಸಿದೆನೆಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ.

ಅಜ್ಜಿ ಐದು ದಪ್ಪ ಗಡ್ಡೆ ಆರಿಸಿ ನಿನಗೆಂದು ಕತ್ತಲೆ ಮೂಲೆಯಲ್ಲಿ ಇಟ್ಟಿದ್ದಾರೆ. ದಸರೆಯಿಂದ ನೀನು ಅವರೊಂದಿಗೆ ಮಾತು ಬಿಟ್ಟಿದ್ದೀಯ. ನಿನ್ನ ಪೆಟ್ಟಿಗೆ ಕೆದಕಿ, ಎರಡು ಸಬ್ಜೆಕ್ಟ್ ಹೋದ ಮಾರ್ಕ್ಸ್ ಮೆಮೊ ತೆಗೆದು ಅಪ್ಪನ ಕೈಗೆ ಕೊಟ್ಟರೆಂಬ ಸಿಟ್ಟು ನಿನಗೆ. ಅವರೋ, ಈ ಐದು ಗಡ್ಡೆ ಮುಟ್ಟಲು ನನ್ನನ್ನೂ ಬಿಡುವುದಿಲ್ಲ.

ಅನಂತಪುರದ ಬಿಸಿಲು ಈಗಲೇ ಏರಿರಬೇಕು, ನೀರು ಕುಡಿಯುತ್ತಿರು. ಹೋದ ಎರಡೂ ಈ ಸಲ ಪಾಸಾಗುತ್ತವೆ, ನನಗೆ ಅನುಮಾನವಿಲ್ಲ. ತಣ್ಣಗೆ ಬಾಳು, ಮಗಳೇ.

ನಿನ್ನ ಅಮ್ಮ,
ಶ್ರೀಲತಾ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ನಿನ್ನ ಪೆಟ್ಟಿಗೆ ತೆರೆದದ್ದು ಅಜ್ಜಿಯಲ್ಲ, ನಾನು. ಮೆಮೊ ಯಾವುದು, ಬಸ್ ಪಾಸ್ ಯಾವುದು ಎಂದು ಓದಲು ಅವರಿಗೆ ಬಾರದು. ಸಿಟ್ಟಿನಲ್ಲಿ ನಿನಗದು ಹೊಳೆಯಲಿಲ್ಲ. ನೀನು ಕೂಗಾಡಿದಾಗ ಅವರು "ನಾನೇ ತೆಗೆದ್ನಿ" ಎಂದರು. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಮೊದಲು ಅಪ್ಪನ ಫೋನಿಗೆ ಮಾಡಿ, ಅಜ್ಜಿಗೆ ಕೊಡು ಎನ್ನು. ನನ್ನೊಂದಿಗೆ ಮಾತು ಬಿಡುವುದಾದರೆ ಬಿಡು. ಕಾಯುತ್ತೇನೆ, ಕಿತ್ತು ನೋಡುವುದಿಲ್ಲ.