ಚೆಂಡುಹೂವಿನ ಹಾರ ಹಾಕಿಸಿಕೊಂಡ ರಿಯಾಕ್ಟರ್

ಪುಚೊಂಗ್, ಮಲೇಷ್ಯಾ
೫ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಅಪ್ಪನಿಗೆ, ಸಮುದ್ರದ ಈಚೆಯಿಂದಲೇ ನಿಮ್ಮ ಕಾಲಿಗೆ ಬೀಳುತ್ತಿರುವ ಸಮೀಕ್ಷಾಳ ನಮಸ್ಕಾರ.

ಮದುವೆಯಾಗಿ ಬಂದ ಮೇಲೆ ನಿಮಗೆ ಒಂದು ಕಾಗದವನ್ನೂ ಬರೆದಿಲ್ಲ, ತಪ್ಪಾಯಿತು. ಫೋನ್ ಇದೆಯಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಫೋನ್ ಮಾತು ಹೇಗಿರುತ್ತದೆ ನಿಮಗೇ ಗೊತ್ತು. "ಊಟ ಆಯ್ತಾ ಸಮೀ?" "ಆಯ್ತಪ್ಪ. ವೈಭವ್ ಇಲ್ಲೇ ಇದಾನೆ, ಕೊಡ್ಲಾ?" "ಬಾಗಿಲಿಗೆ ಯಾರೋ ಬಂದ್ರು, ಇಡ್ತೀನಿ." ಮೈಸೂರಿನ ನಮ್ಮ ಮನೆ ಬಾಗಿಲಿಗೆ ಇಷ್ಟೊಂದು ಜನ ಯಾವಾಗಿನಿಂದ ಬರುತ್ತಿದ್ದಾರೆ? ಅದಕ್ಕೇ ಕಾಗದ. ಇದನ್ನು ಕೈಗೆ ಕೊಟ್ಟವಳು ಫಹ್ಮೀದಾ, ವೈಭವ್ ಜೊತೆ ಕೆಲಸ ಮಾಡುವ ಸಿರಾಜ್‌ನ ಹೆಂಡತಿ. ಅವಳ ತವರು ಮೈಸೂರೇ. ಅವಳಿಗೆ ಕಾಫಿ ಕೊಡದೆ ಕಳಿಸಬೇಡಿ. ಕಾನ್ವೆಂಟಿನಲ್ಲಿ ಓದಿದವಳ ಒತ್ತಕ್ಷರಗಳನ್ನು ದಯವಿಟ್ಟು ಕ್ಷಮಿಸಿ.

ಮೊದಲು ನನ್ನ ಸುದ್ದಿ. ನಾನು ತುಂಬ, ತುಂಬ, ತುಂಬ ಸಂತೋಷವಾಗಿದ್ದೇನೆ! ನಮ್ಮ ಬಾಲ್ಕನಿಯಿಂದ ನೋಡಿದರೆ ಕೆಳಗೆ ರೈಲು ಆಟಿಕೆಯ ಹಾಗೆ ಹೋಗುತ್ತದೆ. ವೈಭವ್ ದಿನಾ ಬೆಳಿಗ್ಗೆ ಫಿಲ್ಟರ್ ಕಾಫಿ ಮಾಡುತ್ತಾನೆ, ದಿನಾ ಕೆಡಿಸುತ್ತಾನೆ, ನಾನು ದಿನಾ ಹೊಗಳಿ ಕುಡಿಯುತ್ತೇನೆ. (ಅತ್ತೆಯ ಮುಂದೆ 'ಅವರು' ಅನ್ನುತ್ತೇನೆ, ಗಾಬರಿಯಾಗಬೇಡಿ.) ಸಂಜೆ ಕತ್ತಲಾಗುವ ಮೊದಲೇ ಮನೆಗೆ ಬಂದುಬಿಡುತ್ತಾನೆ. ಅಡುಗೆ ಬೇಜಾರಾದ ದಿನ ಕೆಳಗಿನ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಪರೋಟದಂಥ ರೊಟ್ಟಿ ಚನಾಯ್ 'ತಪಾವ್' ಮಾಡಿಸಿಕೊಂಡು ಬರುತ್ತಾನೆ, ಅಂದರೆ ಪಾರ್ಸೆಲ್.

ಈಗ ನನ್ನ ದುಃಖ. ದೀಪಾವಳಿ ಹತ್ತಿರ ಬಂತು, ನೀವು ಅಳಿಯನನ್ನು ಇನ್ನೂ ಕರೆದಿಲ್ಲ. "ಹಾಗೇ ಹೋಗಿಬಿಡೋಣ ಬಾ" ಎಂದೆ. ಅವನು ಒಪ್ಪಲಿಲ್ಲ. "ಮೊದಲನೇ ದೀಪಾವಳಿ ಕಣೇ. ಮಾವ ಬಾಯ್ತುಂಬ ಕರೀಬೇಕು. ಕರೀದೆ ಹೋದ್ರೆ ನನಗೂ ಮರ್ಯಾದೆ ಇಲ್ಲ, ಅವರಿಗೂ ಇಲ್ಲ."

ಬೀಗರ ಊಟದಲ್ಲಿ ಅವನು ಆಡಿದ ಮಾತು ಸರಿಯಲ್ಲ, ಒಪ್ಪಿದೆ. ಎಲೆಯ ಮುಂದೆ ಕೂತು, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು, "ಮಾವ, ಹೊಸ ರಿಯಾಕ್ಟರುಗಳಿಗೆ ನಿಮ್ಮಂಥ ಆಪರೇಟರುಗಳೇ ಬೇಕಾಗಿಲ್ಲ. ಕರೆಂಟ್ ಹೋದ್ರೂ ತಾವೇ ತಣ್ಣಗಾಗ್ತವೆ. ಬಾಗಿಲು ಹಾಕ್ಕೊಂಡು ಆರಾಮಾಗಿ ಮನೆಗೆ ಹೋಗಬಹುದು" ಎಂದ. ಅಣುಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಯುಷ್ಯ ಕಳೆದವರಿಗೆ ಹೇಳುವ ಮಾತೇ ಅದು? "ನೋಡೋರೇ ಇಲ್ಲದ ಯಂತ್ರನ ನಾನು ನಂಬಲ್ಲ" ಎಂದು ನೀವು ಅರ್ಧ ಊಟಕ್ಕೇ ಎದ್ದಿರಿ. ನನ್ನ ಎಲೆಯ ಹೋಳಿಗೆಯೂ ಅಲ್ಲೇ ಉಳಿಯಿತು.

ಆದರೆ ಅಪ್ಪ, ಅವನು ಸೊಕ್ಕಿನಿಂದ ಹೇಳಿದ್ದಲ್ಲ, ಪ್ರೀತಿಯಿಂದ ಹೇಳಿದ್ದು. ಅವನಿಗೆ ರಿಯಾಕ್ಟರುಗಳ ಮೇಲಿರುವ ಪ್ರೀತಿ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ! ಕಾರ್ಖಾನೆಯಲ್ಲೇ ಕಟ್ಟಿ ತಂದು ಕೂರಿಸುವ ಪುಟ್ಟ ರಿಯಾಕ್ಟರುಗಳಂತೆ. ಟೆನಿಸ್ ಚೆಂಡಿನಷ್ಟು ದೊಡ್ಡ ಗ್ರಾಫೈಟ್ ಉಂಡೆಯೊಳಗೆ ಸಾಸಿವೆಯಂಥ ಸಾವಿರಾರು ಇಂಧನದ ಕಾಳುಗಳಂತೆ, ಒಂದೊಂದು ಕಾಳಿಗೂ ಅದರದೇ ಚಿಪ್ಪಂತೆ. ಇಂಧನವನ್ನು ಕರಗಿದ ಉಪ್ಪಿನಲ್ಲಿ ಬೆರೆಸಿ ಹರಿಸುವ ಇನ್ನೊಂದು ಬಗೆಯಂತೆ. ಇಲ್ಲಿಯ ಹಳೆಯ ತವರದ ಗಣಿಗಳ ಮರಳಿನಲ್ಲಿ ಥೋರಿಯಂ ಇದೆ ಎಂದು ಹೇಳುವಾಗ ಅವನ ಕಣ್ಣು ನೋಡಬೇಕು ನೀವು, ಬಳೆ ಅಂಗಡಿಯ ಮುಂದೆ ನಿಂತ ನನ್ನ ಕಣ್ಣಿನ ಹಾಗೆ. ಇಲ್ಲೇ ಹತ್ತಿರದ ಸೈಬರ್‌ಜಯಾದ ಡೇಟಾ ಸೆಂಟರುಗಳು ವಿದ್ಯುತ್ತನ್ನು ನೀರು ಕುಡಿದ ಹಾಗೆ ಕುಡಿಯುತ್ತಿವೆ, ಈ ದೇಶ ಅಣುಶಕ್ತಿಯ ಕಡೆ ನೋಡುತ್ತಿದೆ, ಆದರೆ ಇನ್ನೂ ಅಳೆದು ಸುರಿಯುತ್ತಿದೆ. "ಇವತ್ತು ಹೂಂ ಅಂದ್ರೂ ಹತ್ತು ವರ್ಷದ ಕೆಲಸ. ಜಗತ್ತಲ್ಲಿ ಕಟ್ಟಿರೋದು ಬೆರಳೆಣಿಕೆ, ಮಿಕ್ಕಿದ್ದೆಲ್ಲ ಕಾಗದದ ಮೇಲೆ" ಎಂದು ಅವನೇ ಹೇಳುತ್ತಾನೆ. ಸುಳ್ಳು ಆಸೆ ಹುಟ್ಟಿಸುವವನಲ್ಲ ನಿಮ್ಮ ಅಳಿಯ.

ಪಂಪ್ ಇಲ್ಲದೆ ನೀರು ಹೇಗೆ ಹರಿಯುತ್ತದೆ ಎಂದು ನಾನು ಕೇಳಿದ್ದಕ್ಕೆ, "ಮೈಸೂರಲ್ಲಿ ನಿಮ್ಮನೆ ತಾರಸಿ ಮೇಲೆ ಸೋಲಾರ್ ಹೀಟರ್ ಇದೆಯಲ್ಲ, ಅದಕ್ಕೆ ಪಂಪ್ ಇದೆಯಾ? ಬಿಸಿನೀರು ಹಗುರ, ಮೇಲಕ್ಕೆ ಹೋಗುತ್ತೆ. ತಣ್ಣೀರು ಭಾರ, ಕೆಳಕ್ಕೆ ಬರುತ್ತೆ. ಅಷ್ಟೇ" ಎಂದ. ಇಷ್ಟು ವರ್ಷ ಅದೇ ನೀರಿನಲ್ಲಿ ಸ್ನಾನ ಮಾಡಿದರೂ ನನಗೆ ಹೊಳೆದಿರಲಿಲ್ಲ!

ಅದನ್ನು ತೋರಿಸಲೆಂದೇ ಅವನೂ ಸಿರಾಜನೂ ತಮ್ಮ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಎರಡು ಅಂತಸ್ತಿನಷ್ಟು ಎತ್ತರದ ಗಾಜಿನ ಕೊಳವೆಯ ಸುತ್ತು ಕಟ್ಟಿದ್ದಾರೆ. ಕೆಳಗೆ ರಿಯಾಕ್ಟರಿನ ಬದಲು ಒಂದು ಹೀಟರ್. ಅಣುಗಿಣು ಏನೂ ಇಲ್ಲ. ಮೇಲೆ ಜಾಲರಿಯ ಪೆಟ್ಟಿಗೆ, ಅದರೊಳಗೆ ಗಾಳಿಯಾಡಿ ನೀರು ತಣ್ಣಗಾಗುತ್ತದೆ. ನಿನ್ನೆ ಶನಿವಾರ ಊರವರನ್ನೆಲ್ಲ ಕರೆದು ತೋರಿಸುವ ಕಾರ್ಯಕ್ರಮವಿತ್ತು.

ಅದಕ್ಕೆ ಮೊದಲು ಆಯುಧಪೂಜೆ ಬಂತಲ್ಲ. ಪ್ರತಿ ವರ್ಷ ನೀವು ಸ್ಕೂಟರಿನಿಂದ ಸ್ಕ್ರೂಡ್ರೈವರ್‌ವರೆಗೆ ಪೂಜೆ ಮಾಡುತ್ತಿದ್ದಿರಿ, ಗಂಡನ ರಿಯಾಕ್ಟರಿಗೆ ನಾನು ಮಾಡದೆ ಇರಲೇ? "ವೈರು, ಗಾಜು ಮುಟ್ಟಬೇಡ. ಮಿಕ್ಕ ಕಡೆ ಎಲ್ಲಿ ಬೇಕಾದ್ರೂ ಹಾಕ್ಕೋ" ಎಂದ. ಮೇಲಿನ ಆ ಪೆಟ್ಟಿಗೆ ನನಗೆ ದೇವರ ಮುಖದ ಹಾಗೇ ಕಂಡಿತು. ಕುಂಕುಮ ಹಚ್ಚಿ, ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರಗಳನ್ನು ಸುತ್ತಿ ಸುತ್ತಿ ಹಾಕಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಯಾರಿಗೂ ತೆಗೆಯಲು ಮನಸ್ಸು ಬರಲಿಲ್ಲ.

ನಿನ್ನೆ ಲ್ಯಾಬ್ ತುಂಬ ಜನ. ನಮ್ಮ ಪಕ್ಕದ ಮನೆಯ ತಮಿಳಿನ ಸರೋಜಿನಿ ಆಂಟಿ ತಮ್ಮ ಇಡೀ ಭಜನೆ ಗುಂಪನ್ನೇ ಕರೆದುಕೊಂಡು ಬಂದಿದ್ದರು. ವೈಭವ್ ನೀರಿಗೆ ಕೆಂಪು ಬಣ್ಣ ಬಿಟ್ಟು, ಹೀಟರ್ ಹಾಕಿ, ಕೈ ಮೇಲೆತ್ತಿ ನಿಂತ. ನೀರು ತಾನಾಗಿಯೇ ಹೊರಟಿತು ಅಪ್ಪ! ಕೆಂಪು ಎಳೆ ಯಾರೂ ತಳ್ಳದೆ ಮೇಲೇರಿ, ತಿರುಗಿ, ಕೆಳಗಿಳಿಯಿತು. ಜನ ಚಪ್ಪಾಳೆ ತಟ್ಟಿದರು. ನಾನಂತೂ ಅತ್ತೇಬಿಟ್ಟೆ.

ಸ್ವಲ್ಪ ಹೊತ್ತಿಗೆ ಆ ಎಳೆ ನಿಧಾನವಾಯಿತು. ಆಮೇಲೆ ನಡುದಾರಿಯಲ್ಲಿ ನಿಂತು ತೂಗಾಡತೊಡಗಿತು.

"ಡಾಕ್ಟರ್ ವೈಭವ್, ನೀರು ಆಲ್ಸೋ ಟೀ ಬ್ರೇಕ್ ತಗೊಂಡಿತಾ ಲಾ?" ಎಂದರು ಸರೋಜಿನಿ ಆಂಟಿ, ನನ್ನಿಂದ ಕಲಿತ ಕನ್ನಡಕ್ಕೆ ಇಲ್ಲಿಯವರ 'ಲಾ' ಸೇರಿಸಿ. ಭಜನೆ ಗುಂಪು ಗೊಳ್ಳೆಂದಿತು.

ಸಿರಾಜ್ ಧಾರವಾಡದವನು, ಅವನ ಬಾಯಿ ಕೇಳಬೇಕೆ? "ಏನ್ಪಾ ವೈಭವ, ಪೂಜಿ ಮಾಡಿಸ್ಕೊಂಡು ನಿನ್ನ ರಿಯಾಕ್ಟರಿಗೆ ನಿದ್ದಿ ಬಂತೇನ?" ಎಂದ. ಆದರೆ ಇಬ್ಬರೂ ಲ್ಯಾಪ್‌ಟಾಪಿನಲ್ಲಿ ತಲೆ ಹುದುಗಿಸಿ ಅಂಕಿಗಳನ್ನು ಜಾಲಾಡುತ್ತಿದ್ದರು.

ಆಗ ನನಗೆ ನೀವು ನೆನಪಾದಿರಿ. ಮನೆಯ ಬೋರ್‌ವೆಲ್ ಮೋಟಾರು ಸದ್ದು ಬದಲಿಸಿದರೆ ನೀವು ಮೀಟರ್ ನೋಡುತ್ತಿರಲಿಲ್ಲ, ಕೈಯ ಹಿಂಬದಿಯನ್ನು ಅದರ ಹತ್ತಿರ ಹಿಡಿಯುತ್ತಿದ್ದಿರಿ. "ಮೊದ್ಲು ಯಂತ್ರದ ಹತ್ರ ಹೋಗು ಮಗಳೇ, ಆಮೇಲೆ ಮುಳ್ಳು ನೋಡು" ಎನ್ನುತ್ತಿದ್ದಿರಿ. ನಾನು ಸೀರೆ ಎತ್ತಿ ಕಟ್ಟಿ ಕಬ್ಬಿಣದ ಮೆಟ್ಟಿಲು ಹತ್ತಿದೆ. ಪೆಟ್ಟಿಗೆಯ ಮೇಲೆ ಕೈಯ ಹಿಂಬದಿ ಹಿಡಿದರೆ ಬಿಸಿಗಾಳಿಯೇ ಬರುತ್ತಿಲ್ಲ! ಒಣಗಿದ ಎಸಳುಗಳು ಉದುರಿ ಜಾಲರಿಯ ಸಂದಿಗಳಿಗೆಲ್ಲ ಮೆತ್ತಿಕೊಂಡಿದ್ದವು, ಹಾರಗಳು ಮಿಕ್ಕಿದ್ದನ್ನೂ ಮುಚ್ಚಿದ್ದವು. ಕಿತ್ತು ಕೆಳಗೆಸೆದೆ. ಎರಡೂ ಕೈಯಿಂದ ಎಸಳು ಬಾಚಿದೆ. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಯಾರೋ ಕೂಗಿದರು, ಬಗ್ಗಿ ನೋಡಿದರೆ ಕೆಂಪು ಎಳೆ ಮತ್ತೆ ಹೊರಟಿತ್ತು.

ವೈಭವ್ ಸುಮ್ಮನಿದ್ದು ಮುಚ್ಚಿಹಾಕಬಹುದಿತ್ತು. ಅವನು ಮೈಕ್ ಹಿಡಿದು ಎಲ್ಲರ ಮುಂದೆ ಹೇಳಿದ: "ಈ ವಿನ್ಯಾಸಕ್ಕೆ ಪಂಪ್ ಬೇಡ, ಕರೆಂಟ್ ಬೇಡ, ಅದು ನಿಜ. ಆದರೆ ನೋಡುವ ಕಣ್ಣು ಬೇಡ ಅಂತ ನಾನು ಒಂದು ಸಲ ಹೇಳಿದ್ದೆ, ಅದು ತಪ್ಪು. ನನ್ನ ಮಾವ ಆಪರೇಟರ್ ಆಗಿದ್ದವರು. ಅವರು ಅವತ್ತೇ ತಿದ್ದಿದ್ದರು. ಇವತ್ತು ಅವರ ಮಗಳು ತೋರಿಸಿಕೊಟ್ಟಳು." ಸಿರಾಜ್ ಆವಾಗಿನಿಂದ ನನ್ನನ್ನು 'ಶಿಫ್ಟ್ ಇಂಜಿನಿಯರ್ ಸಾಹೇಬ್ರ' ಎಂದೇ ಕರೆಯುತ್ತಿದ್ದಾನೆ.

ಮನೆಗೆ ಬರುವಾಗ ವೈಭವ್ ಕಾರಿನಲ್ಲಿ, "ಇದನ್ನ ಮಾವನಿಗೆ ನಾನೇ ಹೇಳಬೇಕಿತ್ತು, ಫೋನ್ ತಗೊಳ್ಳಲ್ವಲ್ಲ" ಎಂದ. ಅಪ್ಪ, ಒಂದೇ ಒಂದು ಸಲ ಅವನ ಹೆಸರು ಹಿಡಿದು ಕರೆಯಿರಿ. ಅಂದೇ ಹೊರಟುಬರುತ್ತೇವೆ. ಅವನ ತಲೆಗೆ ಎಣ್ಣೆ ಇಡುವಾಗ ಬೇಕಾದರೆ ಎರಡು ಏಟು ಜೋರಾಗಿಯೇ ತಟ್ಟಿ.

ಮಾತ್ರೆ ತಪ್ಪಿಸಬೇಡಿ. ಮಕ್ಕಳು ದೊಡ್ಡವರಿಗೆ ಹರಸಬಾರದು ಎನ್ನುತ್ತಾರೆ, ನಾನು ಹರಸುತ್ತೇನೆ: ನೂರು ವರ್ಷ ಬಾಳಿ, ನಿದ್ದೆ ಚೆನ್ನಾಗಿ ಬರಲಿ. ನೀವೂ ನಮ್ಮಿಬ್ಬರ ತಲೆಯ ಮೇಲೆ ಕೈ ಇಡಿ.

ನಿಮ್ಮ ಮುದ್ದಿನ
ಸಮೀ

ಮರೆತ ಮಾತು: ಮರೆತಿರಲಿಲ್ಲ ಅಪ್ಪ, ಬರೆಯಲು ಧೈರ್ಯ ಬಂದಿರಲಿಲ್ಲ. ನೀವು ಊಟ ಬಿಟ್ಟು ಎದ್ದದ್ದು ಕೆಲಸದ ಹೆಮ್ಮೆಗೆ ಪೆಟ್ಟು ಬಿತ್ತೆಂದು ವೈಭವ್ ತಿಳಿದಿದ್ದಾನೆ. ಅಲ್ಲ, 'ಆರಾಮಾಗಿ ಮನೆಗೆ ಹೋಗಬಹುದು' ಎಂದದ್ದಕ್ಕೆ ಎಂದು ನನಗೆ ಗೊತ್ತು. ಅಮ್ಮ ಆಸ್ಪತ್ರೆಯಲ್ಲಿದ್ದ ಆ ದಿನ ದಾರಿಗೆ ಮರ ಬಿದ್ದು ಮುಂದಿನ ಪಾಳಿಯವರ ಬಸ್ಸು ನಿಂತುಹೋಗಿತ್ತು. ಬದಲಿಯವರು ಬರದೆ ನೀವು ಕುರ್ಚಿ ಬಿಟ್ಟೇಳುವಂತಿರಲಿಲ್ಲ. "ನಿಮ್ಮಪ್ಪಂದು ಶಿಫ್ಟ್ ಮುಗೀತಾ ನೋಡು" ಎಂದು ಅಮ್ಮ ನನ್ನನ್ನು ಕೇಳುತ್ತಲೇ ಇದ್ದಳು. ನೀವು ಬಂದಾಗ ಕೇಳುವವಳು ಇರಲಿಲ್ಲ. ಆಮೇಲೆ ನಾವಿಬ್ಬರೂ ಆ ಮಾತನ್ನೇ ಎತ್ತಲಿಲ್ಲ. ನನಗೆ ನಿಮ್ಮ ಮೇಲೆ ಯಾವತ್ತೂ ಸಿಟ್ಟಿರಲಿಲ್ಲ, ಆ ಕುರ್ಚಿಯ ಮೇಲಿತ್ತು. ವೈಭವ್‌ಗೆ ಇದನ್ನು ನಾನು ಹೇಳಿಲ್ಲ. ಹೇಳುವುದಾದರೆ ನೀವೇ ಹೇಳಿ. ಇಂಥ ರಿಯಾಕ್ಟರ್ ಆವತ್ತು ಇದ್ದಿದ್ದರೆ ನೀವು ಅಮ್ಮನ ಹತ್ತಿರ ಓಡಿಬರಬಹುದಿತ್ತು. ನಾನು ಅದಕ್ಕೆ ಹೂ ಹಾಕಿದ್ದು ಅದಕ್ಕೇ ಅಪ್ಪ.