ಕುಮುದಾ ಮೆಣಸಿನಕಾಯಿಯವರ ನಕಲು ಹಲಗೆಯ ವಿಚಾರಣೆ

ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೯೧

ಶ್ರೀಮತಿ ಕುಮುದಾ ಮೆಣಸಿನಕಾಯಿಯವರಿಗೆ, ಅಸಲು ತಪಾಸಣಾ ಕಚೇರಿಯ ಬಸಲಿಂಗಪ್ಪ ಹೂಲಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ, ಕ್ಯಾಲೆಂಡರಿನಲ್ಲಿ ಇಲ್ಲದ ದಿನದಂದು ಮಾತ್ರ ಹೊರಡುತ್ತದೆ. ಒಬ್ಬ ನೌಕರನಿಗೆ ಇಡೀ ಸೇವಾವಧಿಯಲ್ಲಿ ಒಂದೇ ಪತ್ರದ ಅವಕಾಶ. ಹೆಚ್ಚಿನವರು ಅದನ್ನು ತಮ್ಮ ಅಜ್ಜನಿಗೆ "ಆ ಸೈಟು ಮಾರಬೇಡ" ಎಂದು ಬರೆಯಲು ಖರ್ಚು ಮಾಡುತ್ತಾರೆ. ಇದುವರೆಗೆ ಯಾವ ಅಜ್ಜನೂ ಕೇಳಿದ್ದಿಲ್ಲ. ನನ್ನ ಪಾಲಿನ ಪತ್ರವನ್ನು ನಾನು ನಿಮಗೆ ಬರೆಯುತ್ತಿದ್ದೇನೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಕಾಲದ ಹವ್ಯಾಸಿಗಳು ದೀಪ ಮಿಣುಕಿಸಲು, ಕುಂಡದ ಗಿಡಕ್ಕೆ ನೀರು ಬಿಡಲು ಬಳಸುತ್ತಿದ್ದ ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡನ್ನು ನಾವು ಬುದ್ಧಿಹಲಗೆ ಎನ್ನುತ್ತೇವೆ. ಈಗ ಅದು ಆಟದ ಸಾಮಾನಲ್ಲ. ನಸುಕಿನ ಗಾಳಿಯ ತೇವ ಹಿಂಡಿ ನೀರು ಮಾಡುವ ಮಂಜುಗೊಡ ಎಂಬ ಯಂತ್ರ ಪ್ರತಿ ಓಣಿಯಲ್ಲೂ ಇದೆ. ಯಾವಾಗ ಕವಾಟ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಅದಕ್ಕೆ ಹೇಳುವುದು ನಿಮ್ಮ ಕಾಲದ ಹಳೆಯ ಹಲಗೆಗಳೇ. ಹೊಸದು ಮಾಡುವ ವಿದ್ಯೆ ನಮಗೆ ಮರೆತುಹೋಗಿದೆ. ಕಾಲದಲ್ಲಿ ಹಿಂದಕ್ಕೆ ಪತ್ರ ಕಳಿಸಬಲ್ಲೆವು, ಒಂದು ಹಲಗೆ ಮಾಡಲಾರೆವು. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಹೀಗಿರುವಾಗ ಎರಡು ಓಣಿಗಳಲ್ಲಿ ಕಳಪೆ ಹಲಗೆ ಕೈಕೊಟ್ಟು ಮಂಜುಗೊಡಗಳು ಒಡೆದವು. ಸರ್ಕಾರ ಎಂದಿನಂತೆ ಒಂದು ಕಾಯ್ದೆ ತಂದಿತು: ಅಪ್ಪಣೆಯಿಲ್ಲದೆ ನಕಲು ಮಾಡಿದ ಹಲಗೆ ಎಲ್ಲಿ ಸಿಕ್ಕರೂ ಪುಡಿ ಮಾಡತಕ್ಕದ್ದು. ಅದನ್ನು ಪತ್ತೆಹಚ್ಚಲು ನನ್ನನ್ನು ನೇಮಿಸಿದರು. ಹುಟ್ಟುಗುಣದಿಂದ ನಾನು ಅನುಮಾನದ ಪ್ರಾಣಿ. ಮದುವೆಯ ದಿನ ನನ್ನ ಬಾಸಿಂಗವನ್ನೂ ತಿರುಗಿಸಿ ನೋಡಿದವನು.

ನಮ್ಮ ಕೈಪಿಡಿಯ ಪ್ರಕಾರ ಅಸಲು ಹಲಗೆಯ ಮೇಲಿನ ಅಕ್ಷರಗಳು ಕೂದಲೆಳೆಯಷ್ಟು ಸಣ್ಣವಾದರೂ ಚೊಕ್ಕವಾಗಿರುತ್ತವೆ. ನಕಲಿನಲ್ಲಿ ಅತ್ತ ಕಣ್ಣಿನ ಕಾಡಿಗೆಯಂತೆ ಹರಡಿರುತ್ತವೆ. ಕೇಬಲ್ಲಿನ ಬಾಯಿಯ ಪಕ್ಕ ಅಸಲಿನಲ್ಲಿ ಪುಟ್ಟ ಚೌಕ ಚಿಪ್ಪು, ಅಂದರೆ ನಿಮ್ಮ ಚಿಪ್, ನಕಲಿನಲ್ಲಿ ಬಹಳ ಸಲ ಜರಿಹುಳದಂತೆ ಕಾಲು ಚಾಚಿದ ಉದ್ದ ಚಿಪ್ಪು. ಅಸಲನ್ನು ಕಂಪ್ಯೂಟರು ಮನೆ ಅಳಿಯನಂತೆ ಗುರುತಿಸುತ್ತದೆ. ಉದ್ದ ಚಿಪ್ಪಿನದಕ್ಕೆ ಡ್ರೈವರ್ ಎಂಬ ಬೇರೆ ತಂತ್ರಾಂಶ ಹಾಕಿ ಪರಿಚಯ ಮಾಡಿಸಬೇಕು.

ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಕಳೆದ ವಾರ ನಿಮ್ಮ ಮರಿಮಗಳ ಮರಿಮಗಳಾದ ಈರವ್ವನ ಬಾಗಿಲು ತಟ್ಟಿದೆ. ನಲವತ್ತು ಮನೆಗಳಿಗೆ ನೀರು ಕೊಡುವ ಮಂಜುಗೊಡವನ್ನು ನೋಡಿಕೊಳ್ಳುವವಳು ಆಕೆ. ಹಲಗೆ ತೋರಿಸಿದಳು. ನನಗೆ ಕಂಡದ್ದು ಹಲಗೆಯಲ್ಲ, ಕುಂಕುಮದ ಗುಡ್ಡ. ನಿಮ್ಮ ವಂಶದವರು ಪ್ರತಿ ಖಂಡೇನವಮಿಗೂ ಅದಕ್ಕೆ ಪೂಜೆ ಮಾಡಿ, ಹಿಂದಿನ ವರ್ಷದ ಕುಂಕುಮ ಒರೆಸದೆ ಅದರ ಮೇಲೆಯೇ ವಿಭೂತಿ, ಭಂಡಾರ ಬಳಿದು, ಅಕ್ಷರಗಳೆಲ್ಲ ಹೂತುಹೋಗಿದ್ದವು.

"ಕೆರೀಬೇಕು" ಎಂದೆ.

"ಯಾರನ್ನ? ದೇವರನ್ನೇನ್ರಿ?" ಎಂದಳು.

"ಅಕ್ಷರ ನೋಡಬೇಕವ್ವ, ಕಾಯ್ದೆ ಐತಿ."

"ನಿಮ್ಮ ಕಾಯ್ದೆಗೆ ಬೆಂಕಿ ಹತ್ತಲಿ. ಅಸಲು ಬೇಕಿದ್ರ ದೇವರ ಜಗಲಿ ಮ್ಯಾಲ ಐತಿ, ರೇಷ್ಮಿ ಅರಿವಿ ಬಿಚ್ಚಿ ನೋಡ್ರಿ. ಕಣ್ಣು ತಂಪಾಗ್ತಾವು."

ನೋಡಿದೆ. ರೇಷ್ಮೆಯೊಳಗೆ ಮತ್ತೊಂದು ಹಲಗೆ. ಮೈತುಂಬ ಕಂಪನಿಯ ಹೆಸರು, ಮುದ್ರೆ, ಅಸಲು ಎಂಬ ಘೋಷಣೆ. ಅಷ್ಟೊಂದು ಸಲ ಆಣೆ ಹಾಕುವವರ ಮೇಲೆ ನನಗೆ ನಂಬಿಕೆ ಕಡಿಮೆ. ಭೂತಗನ್ನಡಿ ಹಿಡಿದೆ: ಅಕ್ಷರ ಹರಡಿತ್ತು. ಕೇಬಲ್ಲಿನ ಪಕ್ಕ ಉದ್ದನೆಯ ಜರಿಹುಳ ಮಲಗಿತ್ತು. ವಿದ್ಯುತ್ತು ಕೊಟ್ಟೆ, ಕಣ್ಣು ಬಿಡಲಿಲ್ಲ. ನಿಮ್ಮ ಕಾಲದ ಯಾವನೋ ಪುಣ್ಯಾತ್ಮ ಪರರ ಹೆಸರು ಅಚ್ಚೊತ್ತಿ ನಿಮಗೆ ಟೋಪಿ ಹಾಕಿದ್ದ. ನಿಮ್ಮವರು ನೂರು ವರ್ಷಕ್ಕೂ ಮೀರಿ ಅದಕ್ಕೆ ಆರತಿ ಎತ್ತಿದ್ದರು.

ಈರವ್ವ ಅದನ್ನು ಮತ್ತೆ ರೇಷ್ಮೆಯಲ್ಲಿ ಸುತ್ತಲಿಲ್ಲ. ಆಮೇಲೆ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟು, "ಕೆರೀರಿ. ಸಾವಕಾಶ" ಎಂದಳು.

ಎಣ್ಣೆ ಹಚ್ಚಿ, ಬೇವಿನ ಕಡ್ಡಿಯಿಂದ ಒಂದು ಮಧ್ಯಾಹ್ನವಿಡೀ ಕೆರೆದೆ. ದುಡಿಯುತ್ತಿದ್ದ ಆ ಹಲಗೆಯ ಮೈಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಬೆಸುಗೆಯ ಒಂದೊಂದು ಹನಿಯೂ ಸಾಸಿವೆ ಕಾಳಿನಂತೆ ದುಂಡಗಿತ್ತು. ಹಿಂಬದಿಯಲ್ಲಿ ಚೊಕ್ಕ ಕನ್ನಡದಲ್ಲಿ ಹೀಗಿತ್ತು: "ಇದು ನಕಲು. ಮಾಡಿದವಳು ಕುಮುದಾ ಮೆಣಸಿನಕಾಯಿ, ಹುಬ್ಬಳ್ಳಿ."

ತಾಯಿ, ಇಷ್ಟು ಪ್ರಾಮಾಣಿಕತೆ ಯಾರಿಗೆ ಬೇಕಿತ್ತು? ಸುಳ್ಳು ಹೇಳಿದ ಹಲಗೆ ರೇಷ್ಮೆಯಲ್ಲಿ ನಿದ್ದೆ ಹೊಡೆಯಿತು. ನಿಜ ಹೇಳಿದ್ದು ಒಂದು ದಿನವೂ ರಜೆಯಿಲ್ಲದೆ ನಲವತ್ತು ಮನೆಗೆ ನೀರು ಕೊಟ್ಟಿತು. ಈಗ ಕಾಯ್ದೆಯ ಪ್ರಕಾರ ಎರಡೂ ಪುಡಿಯಾಗಬೇಕು, ನಿಮ್ಮದಂತೂ ಸ್ವಂತ ತಪ್ಪೊಪ್ಪಿಗೆಯ ಮೇಲೆ. ಬದಲಿ ಹಲಗೆ ಇಲ್ಲ. ಓಣಿ ಖಾಲಿ ಮಾಡಬೇಕಾಗುತ್ತದೆ.

ಈ ಸುದ್ದಿ ಹೇಳಿದಾಗ ಈರವ್ವ ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಹಲಗಿ ಮೊದಲ ಮಾಡಿದವ್ರು ನಕಲು ಮಾಡ್ಬ್ಯಾಡ ಅಂದಿದ್ರೇನ್ರಿ, ನಮ್ಮ ಕುಮುದವ್ವಗ?" ಎಂದು ಮಾತ್ರ ಕೇಳಿದಳು.

ಉತ್ತರಕ್ಕಾಗಿ ನಮ್ಮ ಕಚೇರಿಯ ಹಳೇ ಕಾಗದದ ಕೋಣೆಯಲ್ಲಿ ಮೂರು ದಿನ ಸೀನಿದೆ. ಒಂದು ಗೆದ್ದಲು ತಿಂದ ಪುಟ ಸಿಕ್ಕಿತು. ಹಲಗೆಯನ್ನು ಮೊದಲು ಮಾಡಿದವರೇ ಅದರ ನಕ್ಷೆಯನ್ನು ಲೋಕಕ್ಕೆಲ್ಲ ಬಿಚ್ಚಿಟ್ಟು, "ಯಾರು ಬೇಕಾದರೂ ಮಾಡಿಕೊಳ್ಳಿ, ನಮ್ಮ ಹೆಸರು ಮಾತ್ರ ಹಚ್ಚಬೇಡಿ" ಎಂದಿದ್ದರಂತೆ. ಹಾಗಿದ್ದರೆ ನೀವು ಮಾಡಿದ್ದು ಅಪ್ಪಣೆ ಪಡೆದ ನಕಲು. ರೇಷ್ಮೆಯೊಳಗಿನದು ಮಾತ್ರ ಕಳ್ಳಮಾಲು. ಆದರೆ ಪುಟದ ಅರ್ಧ ಗೆದ್ದಲಿನ ಹೊಟ್ಟೆಯಲ್ಲಿದೆ. ವಿಚಾರಣೆಯ ನ್ಯಾಯಾಧೀಶರು ಅದನ್ನು ಎತ್ತಿ ನೋಡಿ, "ಮನೀ ಕೀಲಿ ಊರಿಗೆಲ್ಲಾ ಕೊಟ್ಟು, ಬಾಗಿಲದಾಗಿನ ಹೆಸರು ಮಾತ್ರ ಮುಟ್ಟಬ್ಯಾಡ್ರಿ ಅನ್ನೋ ಮಂದಿ ಇದ್ರೇನ್ರಿ ಹೂಲಿ?" ಎಂದು ನಕ್ಕರು. ನಿಜ ಹೇಳುತ್ತೇನೆ, ನನಗೂ ಅನುಮಾನವೇ. ಬಿಟ್ಟಿಯಾಗಿ ವಿದ್ಯೆ ಹಂಚುವವರನ್ನು ನಾನು ಕಂಡವನಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಕ್ಷೆ ನಿಮಗೆ ಎಲ್ಲಿ ಸಿಕ್ಕಿತು, ಅದರ ಜೊತೆಗಿದ್ದ ಅಪ್ಪಣೆಯ ಮಾತೇನು, ಎಲ್ಲವನ್ನೂ ಗಟ್ಟಿ ಕಾಗದದಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ. ಅಪ್ಪಣೆಪತ್ರದ ಪ್ರತಿಯನ್ನೂ ಲಗತ್ತಿಸಿ. ನಿಮ್ಮ ಸ್ಕ್ರೂಡ್ರೈವರುಗಳ ತಗಡಿನ ಡಬ್ಬಿ ಈರವ್ವನ ಬಳಿ ಇನ್ನೂ ಇದೆ, ಅದರ ತಳದಲ್ಲಿಡಿ. ಗೆದ್ದಲು ತಗಡು ತಿನ್ನುವುದಿಲ್ಲ, ಇದುವರೆಗೆ.

ಹಲಗೆ ಉಳಿಯಬೇಕೋ ಪುಡಿಯಾಗಬೇಕೋ ಎಂದು ಇಂದು ಸಂಜೆಯೊಳಗೆ ನಾನು ಷರಾ ಬರೆಯಬೇಕು. ಈರವ್ವ ಎದುರಿಗೇ ಕೂತಿದ್ದಾಳೆ, ಡಬ್ಬಿ ಅವಳ ತೊಡೆಯ ಮೇಲಿದೆ. ಈ ಸಾಲು ಬರೆಯುವಾಗ ಮುಚ್ಚಳ ತೆಗೆದು ನೋಡಿದೆವು. ನಾಲ್ಕು ಸ್ಕ್ರೂಡ್ರೈವರು, ಬೆಸುಗೆ ಹಾಕುವ ಒಂದು ಸೀಸದ ಸುರುಳಿ. ಕಾಗದವಿಲ್ಲ.

"ಆಕಿಗೆ ಪತ್ರ ಇನ್ನೂ ಮುಟ್ಟಿಲ್ಲಲ್ರಿ, ಮೊದಲು ಕಳಸ್ರಿ" ಎನ್ನುತ್ತಿದ್ದಾಳೆ.

ಕಳಿಸುತ್ತಿದ್ದೇನೆ.