ನಾಲ್ಕನೇ ಜ್ವರ

ಆಗಸ್ಟ್ 11, ಸೋಮವಾರ

ಬಸ್ಸು ತಡ. ಶಿಡ್ಲಘಟ್ಟಕ್ಕೆ ಬಂದು ಮಷಿನ್ ಕೆಲಸ ಕಲಿಸುವ ನಮ್ಮ ತರಬೇತಿ ಕೇಂದ್ರದ ಬೀಗ ತೆಗೆಯುವಷ್ಟರಲ್ಲಿ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಚುರುಮುರಿ ಮುಗಿಸಿದ್ದರು. ಹಾಜರಿಯ ಹೆಬ್ಬೆಟ್ಟಿನ ಮಷಿನ್ ಎಂದಿನಂತೆ ಅರ್ಧ ಜನರನ್ನು ಗುರುತಿಸಲಿಲ್ಲ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಬೆರಳಿನ ಗೆರೆಗಳೇ ಸವೆದಿವೆ. ಒರೆಸು, ಊದು, ಮತ್ತೆ ಒತ್ತು. ಮಷಿನ್ನಿನ ಪ್ರಕಾರ ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಐದು ಜನ ಗೈರು. ಶಿರೀಷಾಳೂ ಸೇರಿ. ಅವಳ ಮೆಸೇಜ್ — "ಮೇಡಂ, ನಾಲ್ಕನೇ ಜ್ವರ ಎದ್ದಾವೆ. ಈ ವಾರ ಬರಕ್ಕಾಗಲ್ಲ."

ನಾನು ಚಿಕ್ಕಬಳ್ಳಾಪುರದ ಗುಮಾಸ್ತರ ಮನೆಯವಳು. ರೇಷ್ಮೆ ಎಂದರೆ ಸೀರೆ, ಅಷ್ಟೇ ಗೊತ್ತಿತ್ತು. ಮೊದಲ ಸಲ ಇಂಥ ಮೆಸೇಜ್ ಬಂದಾಗ ಗಾಬರಿಯಾಗಿ, ಡಾಕ್ಟರಿಗೆ ತೋರಿಸು ಎಂದು ಬರೆದಿದ್ದೆ. ನಮ್ಮ ಇನ್‌ಸ್ಟ್ರಕ್ಟರ್ ಮುರಳಿಮೋಹನ್ ಒಂದು ವಾರ ನಕ್ಕರು. ಹುಳ ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಹುಳದ ಜನ್ಮಕ್ಕೆ ನಾಲ್ಕು ಜ್ವರ. ನಾಲ್ಕನೆಯದರಿಂದ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯವರು ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ.

ಇಲಾಖೆಯ ಹಾಜರಿ ಪೋರ್ಟಲ್‌ನಲ್ಲಿ ಗೈರಿಗೆ ಮೂರೇ ಕಾರಣ — ವೈದ್ಯಕೀಯ, ಕುಟುಂಬದಲ್ಲಿ ಸಾವು, ಇತರೆ. ಇತರೆ ಎಂದರೆ ಹಾಜರಿ ಕಡಿತ. ಹಾಜರಿ ಮುಕ್ಕಾಲಿಗಿಂತ ಇಳಿದರೆ ಸರ್ಟಿಫಿಕೇಟ್ ಇಲ್ಲ. ವೈದ್ಯಕೀಯಕ್ಕೆ ಕಡಿತವಿಲ್ಲ.

ವೈದ್ಯಕೀಯ ಒತ್ತಿದೆ. ವಿವರ: ಜ್ವರ. ಬ್ಯಾಚ್ ಶುರುವಾದಾಗಿನಿಂದ ಹೀಗೇ ಮಾಡುತ್ತಿದ್ದೇನೆ. ಸುಳ್ಳೇನಲ್ಲ. ಯಾರ ಜ್ವರ ಎಂದು ಅವರು ಕೇಳಿಲ್ಲ.

ಆಗಸ್ಟ್ 13, ಬುಧವಾರ

ಬೆಂಗಳೂರಿನಿಂದ ಪರಿಶೀಲನಾ ತಂಡ. ಬಾಗಿಲಿಗೆ ಬ್ಯಾನರ್ — ‘ಉದ್ಯಮ–ಶಿಕ್ಷಣ ಸಹಭಾಗಿತ್ವ: ಕೌಶಲ್ಯದ ಅಂತರ ತುಂಬೋಣ’. ಕಟ್ಟಡ, ನಮ್ಮ ಸಂಬಳ ಸರ್ಕಾರದ್ದು. ಮಷಿನ್‌ಗಳು ಗೌರಿಬಿದನೂರಿನ ಒಂದು ಬಿಡಿಭಾಗದ ಕಂಪನಿಯವು. ಸರ್ಟಿಫಿಕೇಟ್ ಪಡೆದವರಿಗೆ ಕಂಪನಿ ಕೆಲಸ ಕೊಡಬೇಕು. ಕೊಟ್ಟರೆ ಮುಂದಿನ ವರ್ಷದ ಅನುದಾನ. ಕೊಡದಿದ್ದರೆ ಬ್ಯಾನರ್ ಬಿಚ್ಚಬಹುದು.

ತಂಡದ ಹಿರಿಯರು ನಮ್ಮ ಬ್ಯಾಚಿನ ತನುಜಳನ್ನು ನಿಲ್ಲಿಸಿ, "ಸ್ಕಿಲ್ ಗ್ಯಾಪ್ ಅಂದ್ರೆ ಏನಮ್ಮ?" ಎಂದರು. ಅವಳು ಜೇಬಿನಿಂದ ಸಂದು ಅಳೆಯುವ ಗೇಜ್ ತೆಗೆದು, "ಎಷ್ಟು ಗ್ಯಾಪ್ ಇಡ್ಬೇಕು ಸಾರ್?" ಎಂದಳು. ಕಂಪನಿಯ ಎಚ್‌ಆರ್ ಸಿದ್ಧಾರ್ಥ್ — ಧಾರವಾಡದ ಕಡೆಯವರು, ಹೊಸಬರು — ಒಬ್ಬರೇ ಜೋರಾಗಿ ನಕ್ಕರು. ಹಿರಿಯರು ಬರೆದುಕೊಂಡರು. ಏನು ಬರೆದುಕೊಂಡರೋ.

ಸೆಪ್ಟೆಂಬರ್ 19, ಶುಕ್ರವಾರ

ಗೌರಿಬಿದನೂರು. ಕಂಪನಿಯಲ್ಲಿ ಟ್ರಯಲ್. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ದೊಡ್ಡ ಸಿಎನ್‌ಸಿ ಮಷಿನ್ ಎದುರು ನಮ್ಮ ಹುಡುಗಿಯರು ಮದುವೆಮನೆಯಲ್ಲಿ ಪರಿಚಯವಿಲ್ಲದವರ ಹಾಗೆ ನಿಂತಿದ್ದರು. ಶಿರೀಷಾ ಮಾತ್ರ ನೇರ ಹೋಗಿ ನಿಂತಳು. ಕೊಟ್ಟ ಡ್ರಾಯಿಂಗ್ ನೋಡಿದಳು, ಪೀಸನ್ನು ಮಷಿನ್ನಿಗೆ ಕಟ್ಟಿದಳು, ಓಡಿಸಿದಳು. ಸೂಪರ್‌ವೈಸರ್ ಎರಡು ಸಲ ಅಳೆದರು. ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ಹೊಗಳಿಕೆಯಂತೆ.

ವಾಪಸ್ ಬರುವಾಗ ಕಿಟಕಿ ಪಕ್ಕ ಕೂತು ಹೇಳಿದಳು — "ಮೇಡಂ, ಹುಳ ಯಾವಾಗ್ ಏಳ್ತಾವೋ ಆವಾಗ್ ನಾವ್ ಏಳ್ಬೇಕು, ಅವು ಮಲಗ್ದಾಗ್ ಮಲಗ್ಬೇಕು. ಈ ಮಷಿನ್ ನಾನ್ ನಿಲ್ಸಿದ್ರೆ ನಿಲ್ತದೆ."

ಅಷ್ಟು ಆಸೆಯಿಂದ ಅವಳು ಯಾವುದರ ಬಗ್ಗೆಯೂ ಮಾತಾಡಿದ್ದು ಕೇಳಿರಲಿಲ್ಲ. ಈ ಕೆಲಸ ಅವಳಿಗೆ ಸಿಗಲೇಬೇಕು ಎನ್ನಿಸಿತು. ಕಚೇರಿ ಕೆಲಸದಲ್ಲಿ ನನಗೆ ಹೀಗೆಲ್ಲ ಅನ್ನಿಸುವುದು ಕಡಿಮೆ.

ಅಕ್ಟೋಬರ್ 7, ಮಂಗಳವಾರ

ಕಂಪನಿಯ ಪಟ್ಟಿ ಬಂತು. ತನುಜ ಇದ್ದಾಳೆ. ಶಿರೀಷಾ ಇಲ್ಲ. ಇನ್ನೂ ನಾಲ್ವರಿಲ್ಲ. ಐವರೂ ಹುಳದ ಮನೆಯವರು.

ಸಿದ್ಧಾರ್ಥ್‌ಗೆ ಫೋನ್ ಮಾಡಿದೆ.

"ಅಲ್ರೀ ಮೇಡಂ, ನಿಮ್ಮ ಪೋರ್ಟಲ್ಲೇ ಹೇಳ್ತೈತಲ್ರೀ. ಆ ಹುಡುಗಿಗೆ ಎರಡೆರಡು ತಿಂಗಳಿಗೊಮ್ಮೆ ಜ್ವರ. ಬಂದ್ರ ಒಂದು ವಾರ. ನಮ್ಮ ಡಾಕ್ಟರ್ ನೋಡಿ ಅನ್‌ಫಿಟ್ ಅಂದ್ರು. ಹಿಂಗ ತಿರುಗಿ ತಿರುಗಿ ಜ್ವರ ಬಂದ್ರ ಮಷಿನ್ ಮುಂದ ಹೆಂಗ್ ನಿಲ್ಲಸೂದು?"

ಜ್ವರ ಹುಳಕ್ಕೆ ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿದೆ. ನಾಳೆ ಮಾತಾಡುತ್ತೇನೆ ಎಂದೆ.

ಅಕ್ಟೋಬರ್ 8

ಲೆಕ್ಕ ಸರಳ. ಜ್ವರ ನಿಜ ಎಂದರೆ ಐವರೂ ರೋಗಿಗಳು, ಕೆಲಸವಿಲ್ಲ. ಜ್ವರ ಹುಳದ್ದು ಎಂದರೆ ಗೈರೆಲ್ಲ ‘ಇತರೆ’ಗೆ ಹೋಗುತ್ತದೆ, ಹಾಜರಿ ಬೀಳುತ್ತದೆ, ಸರ್ಟಿಫಿಕೇಟ್ ಇಲ್ಲ — ಆಗಲೂ ಕೆಲಸವಿಲ್ಲ. ಮೇಲಿಂದ ಸುಳ್ಳು ಬರೆದವಳು ನಾನು.

ಮುರಳಿಮೋಹನ್ ಮುರುಗಮಲ್ಲದ ಕಡೆಯವರು. ಕಷ್ಟ ಬಂದರೆ ತೆಲುಗಿಗೆ ಹೊರಳುತ್ತಾರೆ. "ಮುಂದು ನುಯ್ಯಿ, ವೆನಕ ಗೊಯ್ಯಿ ಮೇಡಂ." ಮುಂದೆ ಬಾವಿ, ಹಿಂದೆ ಗುಂಡಿ. ನಾನೇ ತೋಡಿದ್ದು, ಎರಡನ್ನೂ.

ಸಿದ್ಧಾರ್ಥ್‌ಗೆ ಫೋನ್ ಮಾಡಲಿಲ್ಲ.

ಅಕ್ಟೋಬರ್ 9, ಗುರುವಾರ

ಪಟ್ಟಿಯಲ್ಲಿ ಏಕಿಲ್ಲ ಎಂದು ಕಂಪನಿಯಲ್ಲಿ ಕೇಳಿ ತಿಳಿದುಕೊಂಡು ಶಿರೀಷಾ ಬಂದಳು. ಕೂರು ಎಂದರೆ ಕೂರಲಿಲ್ಲ.

"ನಂಗ್ ಯಾವತ್ ಜ್ವರ ಬಂದಿತ್ತು ಮೇಡಂ?"

ಎಲ್ಲ ಹೇಳಿದೆ. ನಿಮ್ಮ ಹಾಜರಿ ಉಳಿಸಲು ಮಾಡಿದ್ದು ಎಂದೂ ಹೇಳಿದೆ. ಹೇಳುವಾಗಲೇ ನಾಚಿಕೆಯಾಯಿತು.

"ಒಂದ್ ಮಾತ್ ಕೇಳಿದ್ರೆ ಅಜ್ಜಿ ಜೊತೆ ಜಗಳ ಆಡಾದ್ರೂ ಬರ್ತಿದ್ದೆ. ನೀವ್ ಕೇಳ್ಲೇ ಇಲ್ಲ. ನಾನ್ ಮೆಸೇಜ್ ಹಾಕಿದ್ ತಕ್ಷಣ ಓಕೆ ಅಂತಿದ್ರಿ."

ಹೌದು. ಎತ್ತಿದ ಹೆಬ್ಬೆರಳಿನ ಚಿತ್ರವನ್ನೂ ಹಾಕುತ್ತಿದ್ದೆ.

ಅಕ್ಟೋಬರ್ 14, ಮಂಗಳವಾರ

ಸಿದ್ಧಾರ್ಥ್‌ರನ್ನು ಒಪ್ಪಿಸಿ ಶಿರೀಷಾಳ ಊರಿಗೆ ಕರೆದುಕೊಂಡು ಹೋದೆ. ಏಕೆ ಎಂದು ದಾರಿಯಲ್ಲಿ ಹೇಳಲಿಲ್ಲ. ಕಣ್ಣಾರೆ ನೋಡಲಿ ಎಂದು.

ಹುಳದ ಮನೆಯ ಬಾಗಿಲಲ್ಲಿ ಶಿರೀಷಾಳ ಅಜ್ಜಿ ಕದಿರಮ್ಮ ಅಡ್ಡ ನಿಂತಿದ್ದರು. ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ. ಸಿದ್ಧಾರ್ಥ್‌ರನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಎಲ್ಲಿಂದ ಬಂದ್ಯಪ್ಪ? ದಾರೀಲಿ ಇನ್ಯಾವ್ದಾನ ಹುಳದ ಮನೆ ಹೊಕ್ಕಿದ್ಯಾ? ಸೆಂಟ್ ಗಿಂಟ್ ಹಾಕ್ಕಂಡಿದ್ಯಾ? ಮೈಗೆ ಹುಷಾರಿದ್ಯಾ?"

"ಆರಾಮ ಇದ್ದೀನ್ರೀ ಅಜ್ಜಿ."

"ಸೆಂಟ್ ವಾಸ್ನೆ ಬತ್ತಾ ಅದೆ. ನೀನ್ ಒಳಕ್ ಬರಂಗಿಲ್ಲ. ಅಲ್ಲೇ ನಿಂತ್ಕ. ಹುಳ ಜ್ವರದಾಗವೆ."

"ಯಾರಿಗೆ ಜ್ವರ?"

"ಹುಳಕ್ ಕಣಪ್ಪಾ. ನಾಲ್ಕನೇದು. ನಾಳೆ ಏಳ್ತಾವೆ."

ಸಿದ್ಧಾರ್ಥ್ ನನ್ನ ಕಡೆ ತಿರುಗಿದರು. ನಾನು ಗೋಡೆ ನೋಡಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗಲು ಶುರು ಮಾಡಿದರು. ಕದಿರಮ್ಮ ಗದರಿದರು — ಜ್ವರದಲ್ಲಿರುವ ಹುಳದ ಮುಂದೆ ಗಲಾಟೆ ಮಾಡಬಾರದಂತೆ. ಸಿದ್ಧಾರ್ಥ್ ಬೀದಿಗೆ ಹೋಗಿ ನಕ್ಕು ಬಂದರು.

ಅನ್‌ಫಿಟ್ ಎಂದು ಜನರನ್ನು ಹೊರಗಿಡುವವರನ್ನು ಅನ್‌ಫಿಟ್ ಎಂದು ಬಾಗಿಲಲ್ಲೇ ನಿಲ್ಲಿಸಿದ್ದು ನೋಡಿ ಖುಷಿಯಾಯಿತು. ಕೆಟ್ಟ ಖುಷಿ. ಕಾರಿನವರೆಗೂ ಬಂತು.

ಕಾರಿನಲ್ಲಿ ಸಿದ್ಧಾರ್ಥ್ ನಗುತ್ತಿರಲಿಲ್ಲ. "ನೀವು ಬರದು ಕೊಡ್ರಿ ಮೇಡಂ, ಅದು ಹುಳದ ಜ್ವರ ಅಂತ. ನವೆಂಬರ್ ಹದಿನೇಳರ ತನಕ ಆ ಐದು ಜಾಗ ತುಂಬೂದಿಲ್ಲ. ಅಷ್ಟರಾಗ ಹಾಜರಿ ಸರಿ ಮಾಡ್ರಿ. ಅವತ್ತು ಮೆಡಿಕಲ್ ಮಾಡಿ ತಗೋತೀವಿ. ಅವತ್ತು ಮಾತ್ರ ಯಾರದೂ ಜ್ವರ ಬ್ಯಾಡ. ಹುಳದ್ದೂ ಬ್ಯಾಡ."

ಅಕ್ಟೋಬರ್ 16

ಇಲಾಖೆಗೂ ಕಂಪನಿಗೂ ಬರೆದು ಕಳಿಸಿದೆ. ‘ಗೈರಿನ ಕಾರಣವನ್ನು ತಪ್ಪಾಗಿ ನಮೂದಿಸಿದ್ದೇನೆ. ಜ್ವರ ಪ್ರಶಿಕ್ಷಣಾರ್ಥಿಗಳಿಗೆ ಬಂದದ್ದಲ್ಲ, ರೇಷ್ಮೆ ಹುಳುಗಳಿಗೆ ಬಂದದ್ದು.’ ಇಪ್ಪತ್ತು ವರ್ಷದಿಂದ ಸರ್ಕಾರಿ ಪತ್ರ ಬರೆಯುತ್ತಿದ್ದೇನೆ. ಇಷ್ಟು ಸ್ಪಷ್ಟವಾದದ್ದು ಬರೆದಿರಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ಇಲಾಖೆಯ ಉತ್ತರ ಬಂತು. ಭಾನುವಾರದ ಹೆಚ್ಚುವರಿ ತರಗತಿಗೆ ಅನುಮತಿ. ನಾಲ್ಕು ಭಾನುವಾರ, ಬೆಳಗಿನಿಂದ ಸಂಜೆವರೆಗೆ. ಒಂದು ತಪ್ಪಿದರೂ ಹಾಜರಿ ಸಾಲದು. ಪೋರ್ಟಲ್‌ನಲ್ಲಿ ನಮ್ಮ ಕೇಂದ್ರಕ್ಕೆ ‘ವೈದ್ಯಕೀಯ’ ಕಾಲಂ ಮುಚ್ಚಲಾಗಿದೆ. ಕೊನೆಯ ಸಾಲು ನನ್ನ ಬಗ್ಗೆ — ಸಂಯೋಜಕಿ ಮೇಧಾ ಅವರ ಗುತ್ತಿಗೆ ಡಿಸೆಂಬರ್ ನಂತರ ಮುಂದುವರಿಯುವುದಿಲ್ಲ.

ಓದಿ ಮಡಿಸಿಟ್ಟೆ. ಭಯವಾಯಿತು, ಬೇರೆ ಹೆಸರೇಕೆ. ಮುರಳಿಮೋಹನ್ ಕಾಫಿ ತಂದುಕೊಟ್ಟರು. ಸಕ್ಕರೆ ಜಾಸ್ತಿ ಇತ್ತು. ಕುಡಿದೆ.

ನವೆಂಬರ್ 9, ಭಾನುವಾರ

ಮೂರನೇ ಭಾನುವಾರ. ಐವರೂ ಬಂದರು. ಶಿರೀಷಾಳ ಮನೆಯಲ್ಲಿ ಈ ಬೆಳೆ ಬಿಟ್ಟಿದ್ದಾರೆ, ಹುಳ ತಂದಿಲ್ಲ. ಕದಿರಮ್ಮನದೇ ತೀರ್ಮಾನವಂತೆ. "ಅಮ್ಮಣ್ಣಿ ಒಂದ್ ಕಡೆ ಎದ್ದೇಳ್ಳಿ, ಆಮೇಲ್ ಹುಳ" ಎಂದರಂತೆ. ಅಮ್ಮಣ್ಣಿ ಎಂದರೆ ಮೊಮ್ಮಗಳು.

ನವೆಂಬರ್ 16, ಭಾನುವಾರ

ಕೊನೆಯ ಭಾನುವಾರ. ನಾಳೆ ಕಂಪನಿಯ ಮೆಡಿಕಲ್.

ಬೆಳಿಗ್ಗೆ ಏಳಕ್ಕೆ ಶಿರೀಷಾಳ ಮೆಸೇಜ್. "ಮೇಡಂ ಜ್ವರ."

ತಕ್ಷಣ ಫೋನ್ ಮಾಡಿದೆ. ಬೈಯುವ ದನಿಯಲ್ಲೇ ಕೇಳಿದೆ — ಹುಳ ತಂದಿಲ್ಲ ಎಂದಿದ್ದೆಯಲ್ಲ, ಯಾರದ್ದು ಜ್ವರ?

"ಈ ಸಲ ನಂದೇ ಮೇಡಂ."

ಆದರೂ ಬಂದಳು. ಮುರಳಿಮೋಹನ್ ಬೈಕಿನಲ್ಲಿ ಹೋಗಿ ಕರೆತಂದರು. ಸ್ವೆಟರ್, ತಲೆಗೆ ಸ್ಕಾರ್ಫ್. ಹಣೆ ಮುಟ್ಟಿದೆ. ಸುಡುತ್ತಿತ್ತು. ಮಾತ್ರೆ ಕೊಟ್ಟೆ, ಗಂಜಿ ತರಿಸಿದೆ. ಹೆಬ್ಬೆಟ್ಟು ಎರಡು ಸಲ ತೆಗೆದುಕೊಳ್ಳಲಿಲ್ಲ. ಮೂರನೇ ಸಲಕ್ಕೆ ಹಸಿರು ದೀಪ. ಸಂಜೆವರೆಗೂ ಹಿಂದಿನ ಬೆಂಚಿನಲ್ಲಿ ಗೋಡೆಗೊರಗಿ ಕೂತಿದ್ದಳು. ಮುರಳಿಮೋಹನ್ ಪಾಠ ಮಾಡುತ್ತಾ ದನಿ ತಗ್ಗಿಸಿದ್ದು ಗಮನಿಸಿದೆ. ಜ್ವರದಲ್ಲಿರುವವರ ಮುಂದೆ ಗಲಾಟೆ ಮಾಡಬಾರದು.

ಜ್ವರ ಇಲ್ಲದಾಗ ಜ್ವರ ಎಂದು ಬರೆದೆ. ಇವತ್ತು ಜ್ವರ ಇದೆ, ಹಾಜರ್ ಎಂದು ಬರೆದೆ. ಎರಡನ್ನೂ ಪೋರ್ಟಲ್ ಒಪ್ಪಿತು.

ಹೊರಡುವಾಗ ಕೇಳಿದೆ — ನಾಳೆ ಹೇಗೆ?

"ಒಂದ್ ದಿನದ ಜ್ವರ ಅಷ್ಟೇ ಮೇಡಂ. ನಾಳೆ ಎದ್ಬಿಡ್ತೀನಿ."

ನವೆಂಬರ್ 17, ಸೋಮವಾರ, ಬೆಳಿಗ್ಗೆ

ಬಟ್ಟೆ ಹಾಕಿಕೊಂಡು ಕೂತಿದ್ದೇನೆ. ಮುರಳಿಮೋಹನ್ ಬರುತ್ತಾರೆ, ಇಬ್ಬರೂ ಗೌರಿಬಿದನೂರಿಗೆ. ಹೋಗಿ ಮಾಡುವುದೇನೂ ಇಲ್ಲ. ಗೇಟಿನ ಹೊರಗೆ ನಿಲ್ಲುವುದು.

ಫೋನ್ ಬಂತು. ಅವಳೇ. ಹಿಂದೆ ಕಂಡಕ್ಟರ್ ಸೀಟಿ. ಆಗಲೇ ಬಸ್ಸಿನಲ್ಲಿದ್ದಾಳೆ.

"ಎದ್ದೆ ಮೇಡಂ."

ಥರ್ಮಾಮೀಟರ್ ಇಟ್ಟು ನೋಡಿದೆಯಾ ಎಂದೆ. ಇಲ್ಲ ಎಂದಳು. ನೋಡಬೇಡ ಎಂದೆ. ತಿಂಡಿ ತಿಂದೆಯಾ? ತಿಂದೆ, ಇನ್ನೂ ಹಸಿವು ಎಂದಳು. ಎದ್ದ ಹುಳಕ್ಕೆ ಎಷ್ಟು ಹಾಕಿದರೂ —

ಗಾಡಿ ಬಂತು.